ಹೊಡೆತಕ್ಕೂ ಒಂದು ಹೊತ್ತಿರುತ್ತದೆ: ಬಾಗಲಕೋಟೆ ಜಿಲ್ಲೆಯ ಒಂದು ಮನೆಯ ಪ್ರಕರಣ

ಎಂಟನೇ ಇಯತ್ತೆಯ ಹುಡುಗನೊಬ್ಬ ಬಿಸಿಯೂಟದ ಸಾಲಿನಲ್ಲಿ ನಿಂತಿದ್ದ. ಹಿಂದಿದ್ದವನ ಭುಜ ಇವನ ಬೆನ್ನಿಗೆ ತಗುಲಿತು. ತಿರುಗಿದವನೇ ಕೈಯಲ್ಲಿದ್ದ ಸ್ಟೀಲ್ ತಾಟಿನ ಅಂಚಿನಿಂದ ಅವನ ಹಣೆಗೆ ಬೀಸಿದ. ನಾಲ್ಕು ಹೊಲಿಗೆ ಬಿದ್ದವು. ಆ ವರ್ಷ ಇದು ಮೂರನೇ ಸಲ. ಮುಖ್ಯೋಪಾಧ್ಯಾಯರು ನನಗೆ ಫೋನ್ ಮಾಡಿ, "ಟೀಸಿ ಕೊಟ್ಟು ಕಳಸೂದೊಂದ ಉಳದೈತ್ರಿ ಮೇಡಂ. ಅದಕ್ಕಿಂತ ಮೊದಲ ನೀವೊಮ್ಮೆ ಅವನ ಜೋಡಿ ಮಾತಾಡಿ ನೋಡ್ರಿ" ಅಂದರು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ಇಯತ್ತೆ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಅವರಿಗೆ ಇದು ಗೊತ್ತಿತ್ತು. ಆದರೆ ಪೆಟ್ಟು ತಿಂದ ಹುಡುಗನ ತಂದೆ-ತಾಯಿ ದಿನಾ ಶಾಲೆಯ ಗೇಟಿಗೆ ಬಂದು ನಿಲ್ಲುತ್ತಿದ್ದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಾನು ಆಪ್ತಸಮಾಲೋಚಕಿ, ಇಂಥ ಫೋನು ನನಗೆ ಹೊಸದಲ್ಲ.

ಹುಡುಗ ಮೊದಲ ದಿನ ಹೆಚ್ಚು ಮಾತಾಡಲಿಲ್ಲ. "ಅವ ಬೇಕಂತ ತಗಲಿದ" ಅನ್ನುವುದೊಂದೇ. ಕಣ್ಣ ಕೆಳಗೆ ಕಪ್ಪಾಗಿತ್ತು. ರಾತ್ರಿ ಎಷ್ಟಕ್ಕೆ ಮಲಗ್ತಿ ಎಂದು ಕೇಳಿದೆ. "ಮುತ್ಯಾ ಮಲಗಿದ ಮ್ಯಾಲೆ." ಮುತ್ಯಾ ಅಂದರೆ ಅಜ್ಜ. ಮುತ್ಯಾ ಎಷ್ಟಕ್ಕೆ ಮಲಗ್ತಾನ? "ಮಲಗೂದಿಲ್ಲ."

ಆ ವಾರವೇ ಅವರ ಮನೆಗೆ ಹೋದೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಕೊಡುವುದಿಲ್ಲ, ಮನೆಯಲ್ಲಿ ಒಬ್ಬರನ್ನೊಬ್ಬರು ಕರೆಯುವ ಹಾಗೆಯೇ ಮುತ್ಯಾ, ಅವ್ವ, ಅಪ್ಪ ಎಂದು ಕರೆಯುತ್ತೇನೆ.

ಮನೆ

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಪುನರ್ವಸತಿ ಕೇಂದ್ರ ಅದು. ಜಲಾಶಯದಲ್ಲಿ 519.60 ಮೀಟರಿನ ತನಕ ನೀರು ನಿಂತಾಗ ಕೃಷ್ಣಾ, ಘಟಪ್ರಭಾ ದಂಡೆಯ ಎಷ್ಟೋ ಹಳ್ಳಿಗಳು, ಬಾಗಲಕೋಟೆ ಪಟ್ಟಣದ ತಗ್ಗಿನ ಭಾಗ ಸಮೇತ, ನೀರಿನೊಳಗೆ ಹೋದವು. ಪಟ್ಟಣದವರಿಗೆ ನವನಗರ ಎದ್ದಿತು, ಹಳ್ಳಿಯವರಿಗೆ ಇಂಥ ಸಾಲುಮನೆಗಳು ಬಂದವು. ಮುತ್ಯಾನಿಗೆ ಹಳೇ ಊರಿನಲ್ಲಿ ಕಪ್ಪು ಹೊಲವಿತ್ತು, ಒಂದು ಜೋಡಿ ಕಿಲಾರಿ ಎತ್ತುಗಳಿದ್ದವು. ಈಗ ಎಂಬತ್ತರ ಹತ್ತಿರ. ಎರಡು ವರ್ಷದಿಂದ ಮರೆವು. ಅವ್ವನಿಗೆ, ಅಂದರೆ ಸೊಸೆಗೆ, ಕೋಲಿನಿಂದ ಹೊಡೆಯುತ್ತಾನೆ. ಅಪ್ಪ ಟ್ರ್ಯಾಕ್ಟರ್ ಚಾಲಕ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ರಾತ್ರಿಗಟ್ಟಲೆ ಕಾಯುತ್ತಾನೆ, ಕುಡಿಯುತ್ತಾನೆ, ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಹುಡುಗ ಶಾಲೆಯಲ್ಲಿ ಹೊಡೆಯುತ್ತಾನೆ. ಅವನ ಕೆಳಗೆ ಆರನೇ ಇಯತ್ತೆಯ ತಂಗಿ, ಅವಳ ಕೆಳಗೆ ಮೂರು ವರ್ಷದ ಸಣ್ಣಾಕಿ. ಆ ಸಣ್ಣಾಕಿಯೂ ಕಚ್ಚುತ್ತಾಳೆ, ಹೊಡೆಯುತ್ತಾಳೆ.

"ಈ ಮನಿತನದ ರಕ್ತಾನ ಹಂಗೈತ್ರಿ" ಎಂದು ಪಕ್ಕದ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. ಇಂಥ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ರಕ್ತವೇ ಹಾಗೆ ಅಂದುಬಿಟ್ಟರೆ ಮಾಡುವುದಕ್ಕೇನೂ ಉಳಿಯುವುದಿಲ್ಲ.

ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, "ಮನೆಯಲ್ಲಿ ಯಾರು ಯಾರಿಗೆ ಹೊಡೀತೀರಿ, ಮನಸ್ಸು ಬಿಚ್ಚಿ ಹೇಳ್ರಿ" ಅಂದೆ. ಅವ್ವ ಸುಮ್ಮನಿದ್ದಳು. ಹುಡುಗ ತಲೆ ಎತ್ತಿ, "ಅಪ್ಪ ಅವ್ವಗ ಹೊಡೀತಾನ್ರಿ" ಅಂದ. ಅಪ್ಪ ನಕ್ಕು, "ಹುಡುಗರು, ಏನರೆ ಅಂತಾವ" ಅಂದ. ನಾನು ಮನೆ ಬಿಟ್ಟ ಮೇಲೆ ಆ ರಾತ್ರಿ ಅವಳಿಗೆ ಬಿದ್ದ ಪೆಟ್ಟಿನಿಂದ ಎಡಗೈ ಮಣಿಕಟ್ಟು ಬಾತಿತ್ತು. ಹೊಡೆಯುವವನ ಎದುರಿಗೆ ಹೊಡೆಸಿಕೊಳ್ಳುವವಳನ್ನು ಕೂಡಿಸಿ ಕೇಳಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಗೊತ್ತಿದ್ದೂ ಮಾಡಿದೆ. ಆಮೇಲೆ ಅವಳನ್ನು ನಾನು ಭೇಟಿಯಾದದ್ದೆಲ್ಲ ಅಂಗನವಾಡಿಯಲ್ಲಿ, ಸಣ್ಣಾಕಿಯನ್ನು ಕರೆದುಕೊಂಡು ಹೋಗುವ ನೆಪದಲ್ಲಿ.

ವಹಿ

ಸಿಟ್ಟಿನ ಕೆಲಸದಲ್ಲಿ ನಾನು ಮೊದಲು ಕೇಳುವುದು ಹೊತ್ತು. ಎಷ್ಟು ಗಂಟೆಗೆ, ಅದಕ್ಕಿಂತ ಮೊದಲು ಏನಾಗಿತ್ತು, ಏನು ಮಾಡಿದರು, ಆಮೇಲೆ ಏನಾಯಿತು. ತಂಗಿಯ ಅಕ್ಷರ ದುಂಡಗಿತ್ತು. ಇನ್ನೂರು ಪುಟದ ಒಂದು ವಹಿ ಕೊಟ್ಟು, ನಾಲ್ಕು ಗೆರೆ ಎಳೆದು, ಮುತ್ಯಾಂದು ಬರೀ, ಅಣ್ಣಂದು ಬರೀ, ಸಣ್ಣಾಕೀದು ಬರೀ ಎಂದು ಹೇಳಿದೆ. ಅಪ್ಪನ ವಿಷಯ ಅದರಲ್ಲಿ ಬರೆಸಲಿಲ್ಲ; ವಹಿ ಅವನ ಕೈಗೆ ಸಿಕ್ಕರೆ ಬರೆದ ಮಗುವಿಗೇ ಅಪಾಯ. ಅದಕ್ಕೆ ಅವ್ವನೇ ದಾರಿ ಹುಡುಕಿದಳು. ಅಡಿಗೆ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಗೆರೆಗಳ ಪಕ್ಕ ಒಂದೊಂದು ಚುಕ್ಕಿ ಇಟ್ಟಳು. ಕುಡಿದು ಬಂದು ಹೊಡೆದ ದಿನಕ್ಕೆ ದೊಡ್ಡ ಚುಕ್ಕಿ, ಕುಡಿಯದೆ ಹೊಡೆದ ದಿನಕ್ಕೆ ಸಣ್ಣದು.

ಮೂರು ವಾರದ ನಂತರ ವಹಿ ಓದಿದೆ. ಎರಡು ಸಾಲು ಇಲ್ಲಿ ಕೊಡುತ್ತೇನೆ.

"ಸಂಜಿ 6.10. ಮುತ್ಯಾ ದನಾ ಬಂದ್ವೇನು ಅಂದ. ಅವ್ವ ಊರ ಮುಳುಗೇತಿ ಅಂದ್ಲು. ಬಾಗಲಾ ಹಾಕಿದ್ಲು. ಮುತ್ಯಾ ಕೋಲಿಲೆ ಹೊಡದ. ಆಮ್ಯಾಲೆ ಮುತ್ಯಾ ಅತ್ತ."

"ಮುಂಜಾನಿ 8. ಜಳಕಾ. ಅವ್ವ ಧೋತರಾ ಬಿಚ್ಚಾಕ ಹೋದ್ಲು. ಮುತ್ಯಾ ತಂಬಿಗಿ ಒಗದ."

ಮುತ್ಯಾನ ಹೊಡೆತಗಳಲ್ಲಿ ಹೆಚ್ಚಿನವು ಈ ಎರಡೇ ಹೊತ್ತಿನವು: ದೀಪ ಹಚ್ಚುವ ಹೊತ್ತು, ಜಳಕದ ಹೊತ್ತು. ಅಣ್ಣನ ಜಗಳಗಳ ಹಿಂದಿನ ರಾತ್ರಿ ನೋಡಿದರೆ, ಪ್ರತಿ ಸಲವೂ ಮುತ್ಯಾ ಮೂರ್ನಾಲ್ಕು ಬಾರಿ ಎದ್ದಿದ್ದ. ಮುತ್ಯಾನ ಪಕ್ಕ ಮಲಗಿ ಅವನು ಹೊರಗೆ ಹೋಗದಂತೆ ಕಾಯುವ ಕೆಲಸ ಹದಿಮೂರು ವರ್ಷದ ಈ ಹುಡುಗನದಾಗಿತ್ತು. ಇದು ಮನೆಯಲ್ಲಿ ಯಾರಿಗೂ ದೊಡ್ಡ ವಿಷಯ ಅನಿಸಿರಲಿಲ್ಲ.

ಮುತ್ಯಾ

ಮೊದಲು ಇಲ್ಲಿ ಕೈ ಹಾಕಿದೆವು. ಮುತ್ಯಾ ಸುಧಾರಿಸಿದರೆ ಮನೆಗೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಉಳಿದದ್ದನ್ನು ಮಾತಾಡಬಹುದು.

ಅಷ್ಟರಲ್ಲಾಗಲೇ ಮನೆಯವರು ಮಂತ್ರಿಸಿದ ಚೀಟಿ ಕಟ್ಟಿಸಿದ್ದರು, ಔಷಧಿ ಅಂಗಡಿಯಿಂದ ನಿದ್ದೆ ಗುಳಿಗೆ ತಂದು ಕೊಟ್ಟಿದ್ದರು. ಗುಳಿಗೆ ನುಂಗಿದ ರಾತ್ರಿ ಮುತ್ಯಾ ಎದ್ದು ತೂರಾಡಿ ಬಚ್ಚಲಲ್ಲಿ ಬಿದ್ದಿದ್ದ. ಇದನ್ನು ಓದುವ ಪ್ರತಿ ಮನೆಯವರಿಗೂ ಕೈಮುಗಿದು ಹೇಳುತ್ತೇನೆ, ಮರೆವಿನ ಹಿರಿಯರಿಗೆ ಡಾಕ್ಟರು ಬರೆದುಕೊಡದ ನಿದ್ದೆ ಗುಳಿಗೆ ಕೊಡಬೇಡಿ. "ಜೋರ್ ಇಂಜೆಕ್ಷನ್ ಕೊಡಸ್ರಿ, ತಣ್ಣಗಾಗ್ತಾನ" ಎಂದು ಬೀಗರೊಬ್ಬರು ಒತ್ತಾಯಿಸಿದರು. ಉದ್ರೇಕ ಇಳಿಸಲು ಮನೋರೋಗಕ್ಕೆ ಕೊಡುವ ಔಷಧಗಳನ್ನು ಮರೆವಿನ ವೃದ್ಧರಿಗೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಾಗ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡಬೇಕಾದವು ಅವು.

ತಾಲೂಕು ಆಸ್ಪತ್ರೆಯಲ್ಲಿ ವೈದ್ಯರು ಮುತ್ಯಾನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಐದು ದಿನದಿಂದ ಸಂಡಾಸ ಆಗಿರಲಿಲ್ಲ. ಮೂತ್ರದಲ್ಲಿ ಸೋಂಕಿತ್ತು. ಮೊಣಕಾಲು ಮುಟ್ಟಿದರೆ ಕೈ ಎತ್ತುತ್ತಿದ್ದ. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ನೋವು ಎಂದು ಹೇಳುವ ಮಾತು ಮರೆತವನಿಗೆ ನೋವು ಮರೆತಿರುವುದಿಲ್ಲ. ಅದು ಕೈಯಿಂದ, ಕೋಲಿನಿಂದ ಹೊರಬರುತ್ತದೆ. 2011ರಲ್ಲಿ ನಾರ್ವೆಯ ಸಂಶೋಧಕರು ಆರೈಕೆ ಮನೆಗಳಲ್ಲಿದ್ದ 352 ಮಂದಿ ಮರೆವಿನ ರೋಗಿಗಳ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರ ಕ್ರಮಬದ್ಧವಾಗಿ ನೋವಿನ ಔಷಧ ಕೊಟ್ಟರು, ಹೆಚ್ಚಿನವರಿಗೆ ಬರೀ ಪ್ಯಾರಾಸಿಟಮಾಲ್. ಆ ಗುಂಪಿನವರ ಉದ್ರೇಕ ಎದ್ದು ಕಾಣುವಷ್ಟು ಇಳಿಯಿತು. ನಮ್ಮ ಮುತ್ಯಾನಿಗೂ ಸೋಂಕಿಗೆ ಔಷಧಿ, ಹೊಟ್ಟೆಗೆ ಔಷಧಿ, ಮೊಣಕಾಲಿಗೆ ಪ್ಯಾರಾಸಿಟಮಾಲ್ ಆಯಿತು, ಕಿವಿ ಸ್ವಚ್ಛವಾಯಿತು. ಹತ್ತು ದಿನದಲ್ಲಿ ರಾತ್ರಿ ಏಳುವುದು ಒಂದು ಸಲಕ್ಕೆ ಇಳಿಯಿತು.

ಜಳಕದ ವಿಷಯ ಬೇರೆ. ಅಲ್ಲಿ ಮುತ್ಯಾನಿಗೆ ಬಂದದ್ದು ನಾಚಿಕೆ ಎಂದು ನನಗೆ ಅರ್ಥವಾಗಲು ನಾನೇ ಒಂದು ಮುಂಜಾನೆ ಬಚ್ಚಲ ಹೊರಗೆ ನಿಂತು ಕೇಳಬೇಕಾಯಿತು. "ಸರಿ ಆಚೆ, ಯಾರವ್ವಾ ನೀ, ಸರಿ ಆಚೆ" ಅನ್ನುತ್ತಿದ್ದ. ಯಾರೋ ಹೆಣ್ಣುಮಗಳು ಧೋತರಕ್ಕೆ ಕೈ ಹಾಕಿದ್ದಾಳೆ ಎಂದು ಅವನಿಗೆ ಅನಿಸಿದರೆ ತಂಬಿಗೆ ಒಗೆಯದೆ ಏನು ಮಾಡಿಯಾನು? ಜಳಕ ಮಾಡಿಸುವುದು ಮಗನ ಪಾಲಿಗೆ ಬಂತು. ಧೋತರ ಉಟ್ಟಂತೆಯೇ ಇರಲಿ, ಮೊದಲು ಪಾದಕ್ಕೆ ಬಿಸಿನೀರು, ಆಮೇಲೆ ಮೊಣಕಾಲು, ಬೆನ್ನು, ತಲೆಗೆ ಕಡೆಗೆ, ಅದೂ ಮುಂಚಿತವಾಗಿ ಹೇಳಿಯೇ. ದಿನಾ ಬೇಡ, ವಾರಕ್ಕೆ ಮೂರು ಸಲ ಸಾಕು, ಉಳಿದ ದಿನ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಮಗ ಹಂಗಾಮಿನ ರಾತ್ರಿಪಾಳಿಯಲ್ಲಿದ್ದಾಗ ಓಣಿಯ ಒಬ್ಬ ಹಜಾಮ ಕಾಕಾ ಬಂದು ಮಾಡಿಸಿದರು. ಅವರ ಕೈಗೆ ಮುತ್ಯಾ ಒಮ್ಮೆಯೂ ಹೊಡೆಯಲಿಲ್ಲ. ಗಡ್ಡ ಮಾಡುವ ಕೈ ಅವನಿಗೆ ಗುರುತಿತ್ತೋ ಏನೋ.

ಇನ್ನು ಸಂಜೆ. ಹೊತ್ತು ಮುಳುಗುವಾಗ ಮರೆವಿನವರ ಕಳವಳ ಹೆಚ್ಚುವುದು ಜಗತ್ತಿನೆಲ್ಲೆಡೆ ಕಂಡ ಸಂಗತಿ. ದಣಿವು, ಮಬ್ಬು ಬೆಳಕು, ದೇಹದ ಗಡಿಯಾರ ತಪ್ಪುವುದು, ಎಲ್ಲ ಸೇರಿ ಹಾಗಾಗುತ್ತದೆ. ಈ ಮನೆಯಲ್ಲಿ ಅದಕ್ಕೆ ಇನ್ನೊಂದು ಸೇರಿತ್ತು. ದನ ಬಂದ್ವೇನು ಎಂದು ಮುತ್ಯಾ ಕೇಳುತ್ತಿದ್ದ, ಊರು ನೀರಾಗ ಹೋಗೇತಿ ಎಂದು ಸೊಸೆ ನಿಜ ಹೇಳುತ್ತಿದ್ದಳು. ಅವಳದೇನೂ ತಪ್ಪಿಲ್ಲ. ಆದರೆ ಮರೆತವನಿಗೆ ಆ ಸುದ್ದಿ ಪ್ರತಿ ಸಂಜೆ ಹೊಸದು. ದಿನಕ್ಕೊಮ್ಮೆ ಅವನ ಊರು ಮುಳುಗುತ್ತಿತ್ತು, ಮೇಲಿಂದ ಬಾಗಿಲೂ ಮುಚ್ಚುತ್ತಿತ್ತು.

ನಾನು ಅವ್ವನಿಗೆ ಸುಳ್ಳು ಹೇಳಲು ಕಲಿಸಲಿಲ್ಲ. ಮಾತು ತಿರುಗಿಸುವುದನ್ನು ಕಲಿಸಿದೆ. "ಎತ್ತು ಯಾವ ಬಣ್ಣದ್ದಿದ್ವು ಮಾವಾರ?" ಎಂದು ಕೇಳು ಅಂದೆ. ಅವನು ಹೇಳುತ್ತಾನೆ, ಹೇಳುತ್ತ ಕೂರುತ್ತಾನೆ. ಐದೂವರೆಗೇ ಎಲ್ಲ ದೀಪ ಹಚ್ಚಬೇಕು. ಬಾಗಿಲಿಗೆ ಹೋದರೆ ತಡೆಯಬೇಡ, ಎದುರು ನಿಲ್ಲಬೇಡ, ಪಕ್ಕದಲ್ಲಿ ನಡೆ. ಮೂಲೆಯ ಕಟ್ಟೆಯ ತನಕ ಹೋಗಿ, ಕುಂತು, ವಾಪಸ್ ಬನ್ನಿ. ಮತ್ತೆ ಪುಂಡಿ ನಾರು ತರಿಸಿದೆವು. ಹೆಸರು, ಮುಖ ಅಳಿಸಿಹೋದರೂ ಕೈಗೆ ಬಂದ ಕಸುಬು ಈ ಕಾಯಿಲೆಯಲ್ಲಿ ಬಹಳ ಕಾಲ ಉಳಿಯುತ್ತದೆ. ನಾರಿನ ಕಂತೆ ತೊಡೆಯ ಮೇಲೆ ಇಟ್ಟಾಗ ಮುತ್ಯಾ ಮೊದಲು ಮೂಸಿ ನೋಡಿದ. ಆಮೇಲೆ ಒಂದು ಎಳೆ ಎತ್ತಿ ಎಂಜಲು ಹಚ್ಚಿ, ಅಂಗೈಯಿಂದ ತೊಡೆಯ ಮೇಲೆ ಉರುಳಿಸಿದ. ಎಳೆ ಬಿಗಿಯಾಯಿತು. ಎರಡನೆಯದು ಕೂಡಿಸಿದ. ಮೊಮ್ಮಗಳ ಹೆಸರು ಬಾರದವನು ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟು, "ಜಗ್ಗಿ ಹಿಡಿ" ಅಂದ.

ಹುಡುಗ

ಹಾಸಿಗೆ ಬದಲಾಯಿತು. ಮುತ್ಯಾನ ಪಕ್ಕ ದೊಡ್ಡವರೇ ಮಲಗತೊಡಗಿದರು, ಬಾಗಿಲಿಗೆ ಒಂದು ಗಂಟೆ ಕಟ್ಟಿದೆವು. ಹುಡುಗ ಮೂರು ವಾರ ಸರಿಯಾಗಿ ನಿದ್ದೆ ಮಾಡಿದ ಮೇಲೆ ಮಾತಿಗೆ ಕೂತೆ.

"ಅವ ಬೇಕಂತ ತಗಲಿದ" ಎಂಬ ಮಾತಿನಲ್ಲಿ ಎಲ್ಲ ಇತ್ತು. ಆಕಸ್ಮಿಕವೋ ಬೇಕಂತಲೋ ಎಂದು ತಿಳಿಯದ ಸಂದರ್ಭದಲ್ಲಿ ಸದಾ ಹೊಡೆದಾಡುವ ಮಕ್ಕಳು ಅದನ್ನು ಬೇಕಂತಲೇ ಎಂದು ಓದಿಕೊಳ್ಳುತ್ತಾರೆ ಎಂದು ಕೆನೆತ್ ಡಾಜ್ ಎಂಬ ಮನೋವಿಜ್ಞಾನಿ 1980ರಲ್ಲಿ ತೋರಿಸಿಕೊಟ್ಟರು. ಈ ಹುಡುಗನ ಮನೆಯಲ್ಲಿ ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾದರೆ ಅದರ ಹಿಂದೆಯೇ ಪೆಟ್ಟು ಬರುವುದು ರೂಢಿ. ಅವನ ಓದು ಮನೆಯೊಳಗೆ ಸರಿಯೇ ಇತ್ತು, ಬಿಸಿಯೂಟದ ಸಾಲಿನಲ್ಲಿ ತಪ್ಪಾಯಿತು.

ಶಾಲೆಯವರು ಅವನನ್ನು ಕೊನೆಯ ಬೆಂಚಿಗೆ, ಗೋಡೆಗೆ ಬೆನ್ನು ತಾಗುವಂತೆ ಕೂಡಿಸಿದರು. ಹಿಂದೆ ಯಾರೂ ಇರುವುದಿಲ್ಲ. ಸಾಲಿನಲ್ಲಿ ಅವನು ಕೊನೆಯವನು. ತಲೆ ಕಾದಾಗ ಕೇಳದೆಯೇ ಎದ್ದು ನೀರಿನ ಟಾಕಿಗೆ ಹೋಗಿಬರಬಹುದು. ಒಮ್ಮೆ ಕಾದ ದೇಹ ಆರಲು ಇಪ್ಪತ್ತು ನಿಮಿಷ, ಅರ್ಧ ತಾಸು ಹಿಡಿಯುತ್ತದೆ. ಆ ಹೊತ್ತಿನಲ್ಲಿ "ಯಾಕ ಹೊಡದಿ, ಹೇಳು" ಎಂದು ಅವನನ್ನು ನಿಲ್ಲಿಸಿ ಕೇಳಬಾರದು. ಮುಖ್ಯೋಪಾಧ್ಯಾಯರು ಒಳ್ಳೆಯ ಮನಸ್ಸಿನಿಂದಲೇ, "ಉಸುಕಿನ ಚೀಲಾ ಕಟ್ಟಿ ಗುದ್ದಾಕ ಹಚ್ಚೂಣೇನ್ರಿ, ಸಿಟ್ಟು ಹೊರಗ ಹೋಗಲಿ" ಅಂದರು. ಬೇಡವೆಂದೆ. ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಸಿಟ್ಟು ತರಿಸಿದವನನ್ನು ನೆನೆಯುತ್ತ ಚೀಲ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಸುಮ್ಮನೆ ಕೂತವರೇ ಮೇಲು. ಗುದ್ದುವುದೂ ಒಂದು ತಾಲೀಮು, ಮಾಡಿದಷ್ಟೂ ಕೈಗೆ ಬರುತ್ತದೆ. ಖೋ ಖೋ ಆಡಿಸಿ ಎಂದೆ. ಅದರಲ್ಲಿ ಬೆನ್ನು ಮುಟ್ಟಿ ಖೋ ಅಂದಾಗ ಏಳಬೇಕು, ಓಡಬೇಕು. ಬೆನ್ನ ಮೇಲೆ ಬಿದ್ದ ಕೈ ಆಟದ್ದೂ ಆಗಿರಬಹುದು ಎಂದು ದೇಹ ಕಲಿಯಲಿ ಎಂಬ ಆಸೆ ನನ್ನದು.

ಪೆಟ್ಟು ತಿಂದ ಹುಡುಗನನ್ನು ಇಂಥ ಪ್ರಕರಣಗಳಲ್ಲಿ ಎಲ್ಲರೂ ಮರೆಯುತ್ತಾರೆ. ಅವನು ಊಟದ ಸಾಲಿಗೇ ಬರುವುದನ್ನು ಬಿಟ್ಟಿದ್ದ. ಅವನ ಜೊತೆ ನಾನು ಬೇರೆಯಾಗಿ ನಾಲ್ಕು ಸಲ ಕೂತೆ. ಇವನು ಹೋಗಿ ತಪ್ಪಾಯಿತು ಅನ್ನುವುದು ಅವನಿಗೆ ಬೇಕೋ ಬೇಡವೋ ಎಂದು ಮೊದಲು ಅವನನ್ನೇ ಕೇಳಿದೆ. ಎರಡು ತಿಂಗಳ ನಂತರ ಬೇಕು ಅಂದ.

ಸಣ್ಣಾಕಿಯ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಮನುಷ್ಯ ಜೀವನದಲ್ಲಿ ಅತಿ ಹೆಚ್ಚು ಸಲ ಕೈ ಎತ್ತುವುದು ಎರಡರಿಂದ ನಾಲ್ಕು ವರ್ಷದ ಆಸುಪಾಸಿನಲ್ಲಿ, ಆಮೇಲೆ ಮಾತು ಬಂದಂತೆ ಕಡಿಮೆಯಾಗುತ್ತದೆ ಎಂದು ಕೆನಡಾದ ರಿಚರ್ಡ್ ಟ್ರೆಂಬ್ಲೆ ದಶಕಗಳ ಕಾಲ ಮಕ್ಕಳನ್ನು ಹಿಂಬಾಲಿಸಿ ಹೇಳಿದ್ದಾರೆ. ಮಾತು ಬಾರದ ಮೂರು ವರ್ಷದವಳು ಕಚ್ಚುವುದು ರೋಗವಲ್ಲ. ಕೈ ಹಿಡಿದು, "ಹೊಡೀಬಾರದು, ಬಾಯಲೆ ಹೇಳು" ಅನ್ನಬೇಕು. ಹೊಡೆಯಬೇಡ ಎಂದು ಹೊಡೆದು ಕಲಿಸುತ್ತಿದ್ದರು, ಅದನ್ನು ನಿಲ್ಲಿಸಿದರು.

ಅಪ್ಪ, ಅವ್ವ

ಒಂದು ಹೊಡೆತದಿಂದ ಇನ್ನೊಂದು ಹುಟ್ಟುವ ಸರಪಳಿಯ ಮಾತನ್ನು ನಾನು ಇಲ್ಲಿ ಬಿಡುತ್ತೇನೆ. ಮುತ್ಯಾ ರಾತ್ರಿ ಎದ್ದದ್ದರಿಂದ ಮೊಮ್ಮಗ ಹೊಡೆದ ಎನ್ನಬಹುದು. ಸಾಲದಿಂದ, ನಿದ್ದೆಗೆಟ್ಟಿದ್ದರಿಂದ, ಕುಡಿದಿದ್ದರಿಂದ ಅಪ್ಪ ಹೊಡೆದ ಎನ್ನಲು ನನಗೆ ಮನಸ್ಸಿಲ್ಲ. ಅವನನ್ನು ಒಬ್ಬನನ್ನೇ ಕೂಡಿಸಿ ಕೇಳಿದೆ.

"ಟ್ರ್ಯಾಕ್ಟರ್ ಮಾಲಕರು ಬೈತಾರೇನ್ರಿ?"

"ಬೈತಾರ್ರಿ. ಅವ್ವಾ ಅಪ್ಪಾ ಎಲ್ಲಾ ತಗೀತಾರ."

"ಕುಡಿದಾಗ ಬೈದದ್ದೈತೇನು?"

"ಐತ್ರಿ."

"ಅವರ ಮ್ಯಾಲೆ ಕೈ ಎತ್ತೀರೇನು?"

ಬಹಳ ಹೊತ್ತು ನೆಲ ನೋಡಿದ. ಹೊಡೆಯುವ ಮುಂಚೆ ಮನೆಯ ಬಾಗಿಲು ಮುಂದಕ್ಕೆ ಮಾಡುತ್ತಿದ್ದ ಎಂದು ಅವ್ವ ಹೇಳಿದ್ದಳು. ಬಾಗಿಲು ಹಾಕುವಷ್ಟು ಎಚ್ಚರ ಇರುವವನಿಗೆ ಕೈ ಕಟ್ಟುವಷ್ಟು ಎಚ್ಚರವೂ ಇರುತ್ತದೆ. ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕಿಗಳೂ ಕಡಿಮೆಯಿರಲಿಲ್ಲ. ಮುತ್ಯಾನ ಹೊಡೆತ ನೋವಿನದು, ಹುಡುಗನದು ಭಯದ್ದು, ಅಪ್ಪನದು ಹೊಡೆದರೆ ನಡೆಯುತ್ತದೆ ಎಂದು ಗೊತ್ತಿರುವವನದು. ಮೂರಕ್ಕೂ ಸಿಟ್ಟು ಎಂಬ ಒಂದೇ ಹೆಸರು ಕೊಟ್ಟು ಒಂದೇ ಔಷಧಿ ಹುಡುಕುವುದನ್ನು ನಾನು ಒಪ್ಪುವುದಿಲ್ಲ.

ಅವನಿಗೆ ಪಶ್ಚಾತ್ತಾಪವಾದದ್ದು ನಿಜ. ದೇವರ ಮುಂದೆ ಆಣೆ ಮಾಡಿ ಒಮ್ಮೆಲೇ ಕುಡಿತ ನಿಲ್ಲಿಸಿದ. ಮೂರನೇ ದಿನ ಕೈ ನಡುಗಿ, ಬೆವತು, ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಅಂದ. ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟನೆ ಬಿಟ್ಟರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಹೀಗೆ ಭ್ರಮೆ ಹತ್ತಬಹುದು, ಜೀವಕ್ಕೂ ಕುತ್ತು. ಬಿಡುವುದನ್ನೂ ವೈದ್ಯರ ಕೈಯಲ್ಲೇ ಬಿಡಬೇಕು. ಅವನನ್ನು ಆಸ್ಪತ್ರೆಗೆ ಸೇರಿಸಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಶುರುವಾದದ್ದೇ ನಮ್ಮ ಬಳ್ಳಾರಿಯ ಮಾದರಿ ನೋಡಿ. ಅದರಿಂದಾಗಿ ಮುಂದಿನ ಗುಳಿಗೆಗಳಿಗೆ ದೂರ ಹೋಗುವುದು ತಪ್ಪಿತು. ರಾತ್ರಿಹೊತ್ತು ಆಸೆ ಎದ್ದಾಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಟ್ರ್ಯಾಕ್ಟರಿನ ಗಾಜಿನ ಒಳಬದಿ ಅಂಟಿಸಿಕೊಂಡಿದ್ದಾನೆ.

ಅವ್ವನ ಕೆಲಸ ಬೇರೆಯೇ ನಡೆಯಿತು, ಅವನಿಗೆ ಗೊತ್ತಿಲ್ಲದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ದಾರಿ ಅವಳಿಗೆ ಗೊತ್ತಿತ್ತು, ಹಾಗಾಗಿ ಅವರ ಕಚೇರಿಯೂ ಅಪರಿಚಿತ ಅನಿಸಲಿಲ್ಲ. ಕೇಸು ಹಾಕುವುದು ಬೇಡ, ಆದರೆ ನನ್ನ ಮಾತು ಎಲ್ಲಾದರೂ ಬರೆದಿರಲಿ ಅಂದಳು. ಬರೆಸಿದೆವು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಜನನ ಪ್ರಮಾಣಪತ್ರ, ಒಂದಿಷ್ಟು ರೊಕ್ಕ, ಒಂದು ಇಲಕಲ್ ಸೀರೆ, ಇವನ್ನೆಲ್ಲ ಗಂಟು ಕಟ್ಟಿ ಎದುರು ಮನೆಯ ಅಕ್ಕನ ಅಟ್ಟದ ಮೇಲೆ ಇಟ್ಟಳು. ಒಂದು ಗುರುತಿನ ಮಾತೂ ಆಯಿತು. ರಾತ್ರಿ ಮಗಳು ಬಂದು, "ಅವ್ವ ಹೆಪ್ಪಿಗೆ ಮಜ್ಜಿಗಿ ಕೇಳ್ಯಾಳ್ರಿ" ಅಂದರೆ ಎದುರು ಮನೆಯ ಗಂಡ-ಹೆಂಡತಿ ಇಬ್ಬರೂ ಮಜ್ಜಿಗೆ ಹಿಡಿದು ಬರಬೇಕು, ಬಂದು ಹೊಸ್ತಿಲಲ್ಲೇ ಕೂರಬೇಕು. ಹೆಪ್ಪು ಕೇಳುವುದು ನಮ್ಮ ಕಡೆ ಯಾರಿಗೂ ಸಂಶಯ ತರುವ ಮಾತಲ್ಲ. ಎಂಟು ತಿಂಗಳಲ್ಲಿ ಎರಡು ಸಲ ಮಜ್ಜಿಗೆ ಬಂದಿದೆ.

ಈಗ

ಹುಡುಗ ಒಂಬತ್ತನೆಯದಕ್ಕೆ ಹೋದ. ಒಮ್ಮೆ ಜಗಳವಾಡಿ ಅಂಗಿ ಹರಿದುಕೊಂಡಿದ್ದಾನೆ, ಯಾರ ರಕ್ತವೂ ಬಂದಿಲ್ಲ. ಮುತ್ಯಾನ ಮರೆವು ಮುಂದುವರಿದಿದೆ. ಎತ್ತಿನ ಬಣ್ಣ ಈಗ ದಿನಕ್ಕೊಂದು. ಕೋಲು ಮಾತ್ರ ಗೂಟಕ್ಕೆ ತೂಗುಬಿದ್ದಿದೆ, ಅದರ ಪಕ್ಕದಲ್ಲೇ ಅವನು ಹೊಸೆದ ಹಗ್ಗದ ಸಿಂಬಿಗಳು. ಅಪ್ಪ ಐದು ತಿಂಗಳು ಕುಡಿಯಲಿಲ್ಲ, ಒಂದು ಜಾತ್ರೆಯಲ್ಲಿ ಮತ್ತೆ ಕುಡಿದ, ಮರುದಿನ ತಾನೇ ಆಸ್ಪತ್ರೆಗೆ ಬಂದ. ಕ್ಯಾಲೆಂಡರಿನಲ್ಲಿ ಚುಕ್ಕಿ ಕಡಿಮೆಯಾಗಿವೆ, ನಿಂತಿಲ್ಲ.

ಮುಂದಿನ ತಿಂಗಳು ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ರಾತ್ರಿ ಸಾಲು, ನಿದ್ದೆಗೇಡು, ಪಗಾರದ ದಿನ, ಎಲ್ಲ ಮರಳಿ ಬರುತ್ತವೆ. ಹೋದ ವಾರ ಅವ್ವ ಅಂಗನವಾಡಿಯ ಮುಂದೆ ನಿಂತು ಕೇಳಿದಳು: "ಅಕ್ಕಾರ, ಈಗ ಬೇಸಿ ಅದಾನ. ಆ ಗಂಟು ಮನೀಗೆ ತಂದು ಇಟ್ಕೊಳ್ಳೇನ್ರಿ?"

ಈ ಹಂಗಾಮು ಮುಗಿಯುವ ತನಕ ಅಟ್ಟದ ಮೇಲೇ ಇರಲಿ ಅಂದೆ.